ಚಾಪೆಲ್ ದಾರಿ: ತಂಡವನ್ನು ಒಂದೇ ಏಟಿಗೆ ಬದಲಿಸಬೇಕಾ?

ಪರ

2005ರ ಭಾರತ ತಂಡವನ್ನು ನೆನಪು ಮಾಡಿಕೊಳ್ಳಿ. ಹೆಸರುಗಳೆಲ್ಲ ದೊಡ್ಡವು, ಆಟ ಮಾತ್ರ ಸೊರಗಿತ್ತು. ಆ ಏಪ್ರಿಲ್‌ನಲ್ಲಿ ಪಾಕಿಸ್ತಾನ ನಮ್ಮ ನೆಲದಲ್ಲೇ ಏಕದಿನ ಸರಣಿಯನ್ನು 4-2ರಿಂದ ಗೆದ್ದುಕೊಂಡು ಹೋಯಿತು. ನಾಯಕ ಗಂಗೂಲಿಯ ಬ್ಯಾಟಿನಿಂದ ರನ್ ಬರುತ್ತಿರಲಿಲ್ಲ. ಗ್ರೆಗ್ ಚಾಪೆಲ್ ಕೋಚ್ ಆಗಿ ಬಂದಾಗ ವಿಶ್ವಕಪ್‌ಗೆ ಎರಡು ವರ್ಷವೂ ಉಳಿದಿರಲಿಲ್ಲ. ಮೆಲ್ಲಗೆ ಬದಲಿಸೋಣ ಎನ್ನಲು ಟೈಮ್ ಎಲ್ಲಿತ್ತು?

ಅವರು ಯಾರ ಜಾಗವೂ ಖಾಯಂ ಅಲ್ಲ ಅಂದರು. ಹಾಗೆಯೇ ನಡೆದುಕೊಂಡರು. ನಾಗಪುರದಲ್ಲಿ ಶ್ರೀಲಂಕಾ ವಿರುದ್ಧ ಇರ್ಫಾನ್ ಪಠಾಣ್ ಮೂರನೇ ಕ್ರಮಾಂಕದಲ್ಲಿ ಇಳಿದರು. ಬೌಲರ್ ಒಬ್ಬನನ್ನು ಅಲ್ಲಿ ಆಡಿಸುವುದೇ? ಪಠಾಣ್ 83 ಹೊಡೆದರು, ತಂಡ 350 ಮುಟ್ಟಿತು. ಸುರೇಶ್ ರೈನಾ, ಶ್ರೀಶಾಂತ್, ನಮ್ಮ ಕೊಡಗಿನ ರಾಬಿನ್ ಉತ್ತಪ್ಪ ಅಂತರರಾಷ್ಟ್ರೀಯ ಕ್ರಿಕೆಟ್‌ಗೆ ಬಂದದ್ದು ಈ ಕಾಲದಲ್ಲೇ.

ಫಲ ಸಿಗಲಿಲ್ಲ ಅನ್ನುವಂತಿಲ್ಲ. 2005-06ರಲ್ಲಿ ಗುರಿ ಬೆನ್ನಟ್ಟಿ ಸತತ 17 ಏಕದಿನ ಪಂದ್ಯ ಗೆದ್ದೆವು. ದ್ರಾವಿಡ್ ನಾಯಕತ್ವದಲ್ಲಿ ವೆಸ್ಟ್ ಇಂಡೀಸ್‌ನಲ್ಲಿ 35 ವರ್ಷಗಳ ನಂತರ ಟೆಸ್ಟ್ ಸರಣಿ ಕೈಗೆ ಬಂತು. ದಕ್ಷಿಣ ಆಫ್ರಿಕಾ ನೆಲದಲ್ಲಿ ಮೊದಲ ಟೆಸ್ಟ್ ಗೆಲುವೂ ಬಂತು, ಜೋಹಾನ್ಸ್‌ಬರ್ಗ್‌ನಲ್ಲಿ. 2007ರಲ್ಲಿ ವೆಸ್ಟ್ ಇಂಡೀಸ್‌ನಲ್ಲಿ ನಡೆದ ವಿಶ್ವಕಪ್‌ನ ಒಂದು ವಾರದ ಸೋಲಿಗಾಗಿ ಇದನ್ನೆಲ್ಲ ಅಳಿಸಿಹಾಕುವುದು ನ್ಯಾಯವಲ್ಲ.

ವಿರೋಧ

ಆ ಒಂದು ವಾರದಲ್ಲಿ ಏನಾಯಿತು ಅಂತ ಸ್ವಲ್ಪ ಹತ್ತಿರದಿಂದ ನೋಡೋಣ. 2007ರ ಮಾರ್ಚ್ 17, ಪೋರ್ಟ್ ಆಫ್ ಸ್ಪೇನ್. ವರ್ಷಾನುಗಟ್ಟಲೆ ಇನಿಂಗ್ಸ್ ಆರಂಭಿಸುತ್ತಾ ಬಂದಿದ್ದ ಸಚಿನ್ ನಾಲ್ಕನೇ ಕ್ರಮಾಂಕಕ್ಕೆ ಇಳಿದರು. 7 ರನ್‌ಗೆ ಔಟ್. ತಂಡ 191ಕ್ಕೆ ಆಲೌಟ್. ಬಾಂಗ್ಲಾದೇಶ ಐದು ವಿಕೆಟ್‌ಗಳಿಂದ ಗೆದ್ದಿತು. ಅಂದು ನಮ್ಮ ಪರ ಅತಿ ಹೆಚ್ಚು ರನ್, 66, ಹೊಡೆದವರು ಯಾರು? ತಂಡದಿಂದಲೇ ಹೊರಹಾಕಿಸಿಕೊಂಡು ವಾಪಸ್ ಬಂದಿದ್ದ ಗಂಗೂಲಿ. ಆರು ದಿನಗಳ ನಂತರ ಶ್ರೀಲಂಕಾ ಎದುರು ಸಚಿನ್ ಸೊನ್ನೆ ಸುತ್ತಿದರು. ಅಲ್ಲಿಗೆ ನಮ್ಮ ವಿಶ್ವಕಪ್ ಮುಗಿದೇ ಹೋಯಿತು.

ಪಠಾಣ್‌ನಂಥ ಹುಡುಗನ ಮೇಲೆ ಪ್ರಯೋಗ ಮಾಡಬಹುದು. ಅವನಿಗೆ ಕಳೆದುಕೊಳ್ಳುವುದು ಕಡಿಮೆ. ತನ್ನ ಜಾಗದಲ್ಲಿ ವರ್ಷಗಟ್ಟಲೆ ಗೆಲ್ಲಿಸಿದವನನ್ನು ಸರಿಸುವಾಗ ಅವನ ಮನಸ್ಸನ್ನೂ ಜೊತೆಗೆ ಕರೆದೊಯ್ಯಬೇಕು, ಅಲ್ವಾ? ಚಾಪೆಲ್ ಎಡವಿದ್ದು ಇಲ್ಲೇ. ಗಂಗೂಲಿ ಬಗ್ಗೆ ಮಂಡಳಿಗೆ ಅವರು ಬರೆದ ಇ-ಮೇಲ್ 2005ರ ಸೆಪ್ಟೆಂಬರ್‌ನಲ್ಲೇ ಪತ್ರಿಕೆಗಳ ಕೈ ಸೇರಿತು. ನಾಯಕ ಒಂದು ಕಡೆ, ಕೋಚ್ ಇನ್ನೊಂದು ಕಡೆ. ಕಿರಿಯರು ಯಾರ ಮಾತು ಕೇಳಬೇಕು?

ಗೆದ್ದರೆ ಎಲ್ಲ ಸರಿಹೋಗುತ್ತದೆ ಅನ್ನುವವರು ನಮ್ಮ ಕುಂಬ್ಳೆಯನ್ನು ನೆನೆಯಲಿ. ಅವರು ಕೋಚ್ ಆಗಿದ್ದಾಗ 17 ಟೆಸ್ಟ್‌ಗಳಲ್ಲಿ 12 ಗೆಲುವು, ಒಂದೇ ಸೋಲು. ಆದರೂ 2017ರ ಜೂನ್‌ನಲ್ಲಿ, ನಾಯಕನಿಗೆ ತಮ್ಮ ಶೈಲಿ ಒಪ್ಪಿಗೆಯಿಲ್ಲ ಎಂದು ತಿಳಿಸಿ ಹೊರನಡೆದರು. ಕನ್ನಡಿಗರಿಗೆ ಆ ಬೇಸರ ಇನ್ನೂ ಇದೆ.

ಚಾಪೆಲ್ ಹೋದ ಮೇಲೆ, 2008ರಲ್ಲಿ ಗ್ಯಾರಿ ಕರ್ಸ್ಟನ್ ಕೋಚ್ ಆಗಿ ಬಂದರು. ಸದ್ದಿಲ್ಲದೆ ಕೆಲಸ ಮಾಡಿದರು, ಸಚಿನ್‌ಗೆ ಅವರ ಜಾಗ ಬಿಟ್ಟುಕೊಟ್ಟರು. 2011ರ ವಿಶ್ವಕಪ್‌ನಲ್ಲಿ ಅದೇ ಸಚಿನ್ ಓಪನರ್ ಆಗಿ 482 ರನ್ ಹೊಡೆದರು, ನಮ್ಮ ತಂಡದಲ್ಲಿ ಎಲ್ಲರಿಗಿಂತ ಜಾಸ್ತಿ.