ತಾಂಡೇಲನನ್ನು ಯಾಕೆ ಬದಲಿಸಿದರು ಅಂತ ಬಂದರಿಗೆಲ್ಲ ಗೊತ್ತಿರುತ್ತದೆ

ನೌಕಾಪಡೆಯ ಮುಖ್ಯಸ್ಥರನ್ನು ಹಿರಿತನ ನೋಡಿ ಆರಿಸಬೇಕೋ, ಅರ್ಹತೆ ನೋಡಿಯೋ? ಕಾರವಾರದಲ್ಲಿ ನೇವಿಯಿಂದ ನಿವೃತ್ತರಾದ ನಾಲ್ಕು ಜನ ಸೇರಿದರೆ ಈ ಚರ್ಚೆ ಶುರುವಾಗುತ್ತದೆ. ಚಹಾ ಆರಿದರೂ ಮುಗಿಯುವುದಿಲ್ಲ. ನನ್ನ ಕೇಳಿದರೆ ಯಾವುದಾದರೂ ಅಡ್ಡಿಲ್ಲ. ಇವರನ್ನು ಯಾಕೆ ಆರಿಸಿದೆವು, ಅವರನ್ನು ಯಾಕೆ ಬಿಟ್ಟೆವು ಅಂತ ಬಾಯಿಬಿಟ್ಟು ಹೇಳಲಿ, ಸಾಕು.

ಹಿರಿತನ ಅಂದರೆ ಏನೋ ದೊಡ್ಡ ನ್ಯಾಯ ಅಂದುಕೊಳ್ಳಬೇಡಿ. ಮುಖ್ಯಸ್ಥರಿಗಿಂತ ಒಂದು ಮೆಟ್ಟಿಲು ಕೆಳಗಿನ ವೈಸ್ ಅಡ್ಮಿರಲ್‌ಗಳು 60ಕ್ಕೆ ನಿವೃತ್ತರಾಗುತ್ತಾರೆ. ಮುಖ್ಯಸ್ಥರಾದರೆ 3 ವರ್ಷ ಅಥವಾ 62 ತುಂಬುವ ತನಕ, ಯಾವುದು ಮೊದಲೋ ಅದು. ಅಂದಮೇಲೆ ಕುರ್ಚಿ ಖಾಲಿಯಾಗುವ ಹೊತ್ತಿಗೆ ಯಾರು 60 ದಾಟಿಲ್ಲವೋ ಅವರಲ್ಲಿ ಹಿರಿಯರಿಗೆ ಅದೃಷ್ಟ. ಹುಟ್ಟಿದ ತಾರೀಖು ಕೆಲವು ತಿಂಗಳು ಆಚೀಚೆ ಆಗಿದ್ದರೆ ಬೇರೆಯವರು ಬರುತ್ತಿದ್ದರು. ಆದರೂ ಈ ಪದ್ಧತಿಗೆ ಒಂದು ಗುಣ ಇದೆ. ಯಾರೂ ದಿಲ್ಲಿಯಲ್ಲಿ ಮಂತ್ರಿಗಳ ಬಾಗಿಲು ಕಾಯಬೇಕಿಲ್ಲ. ಇದನ್ನು ಮುರಿಯುವ ಅಧಿಕಾರ ಸರ್ಕಾರಕ್ಕೆ ಇದೆ, ಮುರಿಯಲಿ. ಸುಮ್ನೆ ಮುರಿಯಬಾರದು ಅಷ್ಟೇ.

2019ರ ಮಾರ್ಚ್‌ನಲ್ಲಿ ಕರಮ್‌ಬೀರ್ ಸಿಂಗ್ ಅವರ ಹೆಸರು ನೌಕಾಪಡೆಯ ಮುಂದಿನ ಮುಖ್ಯಸ್ಥರಾಗಿ ಪ್ರಕಟವಾಯಿತು. ಅವರಿಗಿಂತ ಹಿರಿಯರಾದ ವೈಸ್ ಅಡ್ಮಿರಲ್ ಬಿಮಲ್ ವರ್ಮಾ ಸಶಸ್ತ್ರ ಪಡೆಗಳ ನ್ಯಾಯಮಂಡಳಿಗೆ ಹೋದರು. ಹಿರಿತನವೊಂದೇ ಮಾನದಂಡ ಅಲ್ಲ ಅಂತ ಸರ್ಕಾರ ಹೇಳಿತು. ಒಪ್ಪೋಣ. ಉಳಿದ ಮಾನದಂಡ ಯಾವವು ಅಂತ ನೇಮಕದ ದಿನವೇ ಹೇಳಿದ್ದರೆ ಇಷ್ಟು ದೂರ ಹೋಗುವ ಪ್ರಮೇಯವೇ ಇರುತ್ತಿರಲಿಲ್ಲ, ಅಲ್ವಾ?

ಈ ಜಗಳ ನಡೆದಿರುವಾಗಲೇ, ಏಪ್ರಿಲ್ 26ಕ್ಕೆ, ಕಾರವಾರ ಬಂದರಿಗೆ ಬರುತ್ತಿದ್ದ ವಿಮಾನವಾಹಕ ಹಡಗು ವಿಕ್ರಮಾದಿತ್ಯದಲ್ಲಿ ಬೆಂಕಿ ಬಿತ್ತು. ನಮ್ಮಲ್ಲಿ ಲೋಕಸಭೆಯ ಮತದಾನ ಮುಗಿದು ಮೂರೇ ದಿನ. ಊರೆಲ್ಲ ಗೆಲುವು ಸೋಲಿನ ಲೆಕ್ಕದಲ್ಲೇ ಇತ್ತು. ಬೆಂಕಿ ಆರಿಸಲು ಮುಂದೆ ನಿಂತ ಯುವ ಅಧಿಕಾರಿ ಹೊಗೆಗೆ ಪ್ರಜ್ಞೆ ತಪ್ಪಿದರು, ಉಳಿಯಲಿಲ್ಲ. ಅದಾಗಿ ಒಂದು ವಾರದೊಳಗೆ ಇನ್ನೊಂದು ಸುದ್ದಿ. 2018ರ ಡಿಸೆಂಬರ್‌ನಲ್ಲಿ ಮಲ್ಪೆಯಿಂದ ಹೋಗಿ ಕಾಣೆಯಾದ ಸುವರ್ಣ ತ್ರಿಭುಜ ಬೋಟಿನ ಅವಶೇಷವನ್ನು ನೌಕಾಪಡೆಯ ನಿರೀಕ್ಷಕ್ ಹಡಗು ಮಹಾರಾಷ್ಟ್ರದ ಮಾಲ್ವಣದ ಆಚೆ ಪತ್ತೆ ಮಾಡಿತು. ಅದರಲ್ಲಿ ಇದ್ದ ಏಳು ಜನರಲ್ಲಿ ಐವರು ನಮ್ಮ ಉತ್ತರ ಕನ್ನಡ ಜಿಲ್ಲೆಯವರು. ನೌಕಾಪಡೆಯ ಹಡಗೇ ತಾಗಿರಬಹುದು ಅನ್ನುವ ಅನುಮಾನ ಮೀನುಗಾರರಿಗೆ ಮೊದಲಿನಿಂದಲೂ ಇತ್ತು. ಅನುಮಾನ ನಿಜವೋ ಸುಳ್ಳೋ, ಅದನ್ನು ತೀರಿಸುವ ಉತ್ತರ ಆ ಮನೆಗಳಿಗೆ ಸಿಗಬೇಕಿತ್ತು.

ನಮ್ಮ ಕಾರವಾರದ ಬೈತಕೋಲ ಮೀನುಗಾರಿಕೆ ಬಂದರಿಗೆ ಬನ್ನಿ. ಆಗಸ್ಟ್‌ನಲ್ಲಿ ಮೀನುಗಾರಿಕೆ ಶುರುವಾಗುವಾಗ ಯಾವ ಬೋಟಿಗೆ ಯಾರು ತಾಂಡೇಲ, ಅಂದರೆ ಬೋಟು ನಡೆಸುವ ಮುಖಂಡ, ಅನ್ನುವುದೇ ಮಾತು. ಕಳೆದ ವರ್ಷದ ತಾಂಡೇಲನನ್ನು ಮಾಲೀಕ ಬಿಟ್ಟರೆ ಕಾರಣ ಐಸ್ ಒಡೆಯುವ ಹುಡುಗನಿಗೂ ಗೊತ್ತು: ಬಲೆ ಹರಿದುಕೊಂಡು ಬಂದ, ಗಾಳಿ ಎದ್ದರೂ ವಾಪಸ್ ಬರಲಿಲ್ಲ, ಬೋಟಿನಲ್ಲಿ ದುಡಿಯುವ ಖಲಾಶಿಗಳ ಜೊತೆ ಸರಿ ಇರಲಿಲ್ಲ. ಇನ್ನೊಂದು ವಿಷಯ. ಎಂಜಿನ್ ರಿಪೇರಿ ಮಾಡಿಸಿ ಅಂತ ತಾಂಡೇಲ ಹೇಳಿ ಹೇಳಿ ಸಾಕಾಗಿ, ಮಾಲೀಕ ದುಡ್ಡು ಬಿಚ್ಚದೆ, ಬೋಟು ನಡು ಸಮುದ್ರದಲ್ಲಿ ನಿಂತರೆ ಬಂದರು ಬೈಯುವುದು ಮಾಲೀಕನಿಗೆ.

ನೌಕಾಪಡೆಯಲ್ಲಿ ಇದು ಉಲ್ಟಾ. 2013ರ ಆಗಸ್ಟ್ 14ಕ್ಕೆ ಮುಂಬೈಯಲ್ಲಿ ಸಿಂಧುರಕ್ಷಕ್ ಜಲಾಂತರ್ಗಾಮಿ ಸ್ಫೋಟಗೊಂಡು 18 ಜನ ಹೋದರು. 2014ರ ಫೆಬ್ರವರಿ 26ಕ್ಕೆ ಇನ್ನೊಂದು ಜಲಾಂತರ್ಗಾಮಿ ಸಿಂಧುರತ್ನದಲ್ಲಿ ಬೆಂಕಿ, ಇಬ್ಬರು ಅಧಿಕಾರಿಗಳು ಸತ್ತರು. ಅದೇ ದಿನ ಆಗಿನ ನೌಕಾಪಡೆ ಮುಖ್ಯಸ್ಥ ಅಡ್ಮಿರಲ್ ಡಿ. ಕೆ. ಜೋಶಿ ನೈತಿಕ ಹೊಣೆ ಹೊತ್ತು ರಾಜೀನಾಮೆ ಕೊಟ್ಟರು. ವರ್ಷಕ್ಕಿಂತ ಜಾಸ್ತಿ ಅವಧಿ ಬಾಕಿ ಇತ್ತು. ಎಲ್ಲರೂ ಹೊಗಳಿದರು. ಮನುಷ್ಯ ದೊಡ್ಡವರು, ಎರಡು ಮಾತಿಲ್ಲ. ಆದರೆ ಅವರು ಹೊರಟಿದ್ದರಿಂದ ಆರಾಮಾಗಿದ್ದು ಯಾರಿಗೆ? ಜಲಾಂತರ್ಗಾಮಿಗಳ ಬ್ಯಾಟರಿ ಖರೀದಿ ತಡವಾದ ಬಗ್ಗೆ ಆಗ ಜೋರು ಚರ್ಚೆ ನಡೆದಿತ್ತು. ಫೈಲು ಇಟ್ಟುಕೊಂಡು ಕುಳಿತವರು ಯಾರೂ ಕುರ್ಚಿ ಬಿಟ್ಟು ಏಳಲಿಲ್ಲ.

ಆಮೇಲೆ ಸುಮಾರು 50 ದಿನ ಪೂರ್ಣಾವಧಿ ಮುಖ್ಯಸ್ಥರೇ ಇಲ್ಲ. ಏಪ್ರಿಲ್‌ನಲ್ಲಿ ರಾಬಿನ್ ಧೋವನ್ ಬಂದರು. ಅವರಿಗಿಂತ ಹಿರಿಯರಾಗಿ, ಮುಂಬೈಯ ಪಶ್ಚಿಮ ಕಮಾಂಡ್ ನೋಡಿಕೊಳ್ಳುತ್ತಿದ್ದ ಶೇಖರ್ ಸಿನ್ಹಾ ಸೇವೆ ಬಿಟ್ಟರು. ಅಪಘಾತಗಳು ಅವರ ಕಮಾಂಡ್‌ನಲ್ಲಿ ಆದವು, ಅದಕ್ಕೇ ಕೈಬಿಟ್ಟರು ಅಂತ ಪತ್ರಿಕೆಗಳು ಬರೆದವು. ಅದೇ ಕಾರಣವಾಗಿದ್ದರೆ ನಾನು ಸರ್ಕಾರದ ಪರ. ಆದರೆ ಅದನ್ನು ಹೇಳಬೇಕಾದ್ದು ಸರ್ಕಾರ, ಪತ್ರಿಕೆಯ ಮೂಲಗಳಲ್ಲ.

ಅಮೆರಿಕದಲ್ಲಿ 2017ರಲ್ಲಿ ಫಿಟ್ಸ್‌ಜೆರಾಲ್ಡ್ ಮತ್ತು ಮೆಕೇನ್ ಹಡಗುಗಳು ವ್ಯಾಪಾರಿ ಹಡಗುಗಳಿಗೆ ಡಿಕ್ಕಿಯಾಗಿ 17 ನಾವಿಕರು ಸತ್ತರು. ಎರಡನೇ ಡಿಕ್ಕಿಯಾದ ಎರಡೇ ದಿನಕ್ಕೆ ಆ ಹಡಗುಗಳಿದ್ದ ಏಳನೇ ನೌಕಾಬಳಗದ ಮುಖ್ಯಸ್ಥರನ್ನೇ ತೆಗೆದರು. ನಿಮ್ಮ ನಾಯಕತ್ವದ ಮೇಲೆ ನಂಬಿಕೆ ಹೋಗಿದೆ ಅಂತ ಹೆಸರು ಹಿಡಿದು ಪ್ರಕಟಿಸಿದರು. ಕೆಲವೇ ತಿಂಗಳಲ್ಲಿ ತನಿಖಾ ವರದಿಯನ್ನೂ ಜನರ ಮುಂದಿಟ್ಟರು. ಅವರದು ಎಲ್ಲ ಚೆನ್ನಾಗಿದೆ ಅಂತಲ್ಲ. ಚೆನ್ನಾಗಿದ್ದರೆ ಎರಡು ತಿಂಗಳಲ್ಲಿ ಎರಡು ಡಿಕ್ಕಿ ಯಾಕೆ ಆಗುತ್ತಿತ್ತು?

ಇದನ್ನು ಹೇಳಿದರೆ ನಮ್ಮ ಪಕ್ಕದ ಮನೆಯ ಮಾಜಿ ನಾವಿಕರಿಗೆ ಸಿಟ್ಟು. ‘ಇದೆಲ್ಲ ಗುಟ್ಟಿನ ವಿಷಯ ಮಾರಾಯ, ಬೀದಿಗೆ ತರುವುದಲ್ಲ.’ ಹಡಗಿನಲ್ಲಿ ಎಷ್ಟು ಕ್ಷಿಪಣಿ ಇದೆ ಅಂತ ನಾನು ಕೇಳುತ್ತಿಲ್ಲ. ಬೆಂಕಿ ಯಾಕೆ ಬಿತ್ತು, ಯಾವ ರಿಪೇರಿ ಯಾರ ಮೇಜಿನ ಮೇಲೆ ನಿಂತಿತ್ತು, ಅಷ್ಟು ಕೇಳುತ್ತಿದ್ದೇನೆ. ಇಲ್ಲಿ ತನಿಖಾ ಮಂಡಳಿಯ ವರದಿ ನಾವು ನೀವು ಓದುವಂತೆ ಹೊರಬರುವ ಪದ್ಧತಿ ಇಲ್ಲ. ನೌಕಾನೆಲೆಗೆ ಜಾಗ ಬಿಟ್ಟುಕೊಟ್ಟ ಅರ್ಗಾ, ಬಿಣಗಾ ಊರಿನವರಿಗಾದರೂ ಇಷ್ಟು ಕೇಳುವ ಹಕ್ಕಿಲ್ಲವೇ? ಮೊದಲಿಗೆ ವಿಕ್ರಮಾದಿತ್ಯದ ಬೆಂಕಿಯ ವರದಿ ಬರಲಿ, ಸಾರಾಂಶವಾದರೂ ಸಾಕು. ಕನ್ನಡದಲ್ಲೂ ಇರಲಿ.