ಅಂಬಾರಿಯೂ ಎಮ್ಮೆ ಕರುವೂ

ಈ ಸಲದ ಜಂಬೂಸವಾರಿಯಲ್ಲಿ ನನಗೆ ಕಂಡದ್ದು ಆನೆಯ ಬಾಲ. ಸಯ್ಯಾಜಿರಾವ್ ರಸ್ತೆಯಲ್ಲಿ ಬೆಳಿಗ್ಗೆ ಹತ್ತಕ್ಕೇ ಜಾಗ ಹಿಡಿದು, ಮೊಸರನ್ನ ತಿಂದು, ಬಿಸಿಲಲ್ಲಿ ಬೆಂದು, ಕೊನೆಗೆ ಬಾಲ!

ಇದಕ್ಕೆಲ್ಲ ಮೂಲ ನಮ್ಮ ಅತಿಥಿ. ಮಗಳ ಸಹೋದ್ಯೋಗಿ, ಜರ್ಮನಿಯ ಹುಡುಗ, ಆರೂಕಾಲು ಅಡಿ ಎತ್ತರ, ಹಬ್ಬಗಳ ಹುಚ್ಚು. ಟಿಬೆಟಿಯನ್ನರ ಹೊಸ ವರ್ಷ ಲೋಸಾರ್ ಹೊತ್ತಿಗೆ ಬೈಲಕುಪ್ಪೆಯಲ್ಲಿ ತಂಗಿದ್ದನಂತೆ. ವಿದೇಶಿಯರು ಅಲ್ಲಿ ತಂಗಲು ಕೇಂದ್ರ ಸರ್ಕಾರದ ಪರವಾನಗಿ ಬೇಕು. ಅದನ್ನು ಕಾದು ಪಡೆದು, ಲಾಮಾಗಳ ಮುಖವಾಡದ ಕುಣಿತ ನೋಡಿಬಂದು, ದೋಸೆ ತಿನ್ನುತ್ತ ನನಗೇ ವಿವರಿಸಿದ. ಟಿಬೆಟಿಯನ್ನರು ಬೈಲಕುಪ್ಪೆಗೆ ಬಂದದ್ದು ನಾನು ಹುಟ್ಟುವ ಮೊದಲು. ಊರು ನಮ್ಮದೇ ಜಿಲ್ಲೆಯದು. ಯಾವ ಪರವಾನಗಿಯೂ ಬೇಡದ ನಾನು ಅಲ್ಲಿಗೆ ಹೋದದ್ದು ಒಮ್ಮೆ, ಮಡಿಕೇರಿಯ ದಾರಿಯಲ್ಲಿ ಚಿತ್ರಾನ್ನದ ಡಬ್ಬಿ ಬಿಚ್ಚಲು.

ಅಂಬಾರಿ ಬರುವ ತನಕ ಜನರಿಗೆ ಈ ಹುಡುಗನೇ ಅಂಬಾರಿಯಾದ. ಎಲ್ಲರಿಗೂ ಅವನ ಪಕ್ಕ ನಿಂತ ಫೋಟೊ ಬೇಕು, ತೆಗೆಯುವವನು ನಾನು. ಮದ್ದೂರು ಕಡೆಯ ಹನ್ನೊಂದು ಜನರ ಸಂಸಾರವೊಂದು ನನಗೆ ‘ಗೈಡ್ ಸಾರ್’ ಎಂದು ನಾಮಕರಣವನ್ನೂ ಮಾಡಿತು. ಸ್ತಬ್ಧಚಿತ್ರಗಳು ಸಾಗಿದವು, ಅರಮನೆಯ ಕಡೆ 21 ಕುಶಾಲತೋಪು ಹಾರಿದವು. ಸರಿಯಾಗಿ ಅಷ್ಟೊತ್ತಿಗೆ ಆ ಸಂಸಾರದ ಯಜಮಾನರ ಮೊಬೈಲ್ ತುಂಬಿಹೋಯಿತು.

“ಹಳೆಯದು ಒಂದಿಷ್ಟು ಅಳಿಸಿ, ಗೈಡ್ ಸಾರ್.”

ಶುಭೋದಯದ ಗುಲಾಬಿಗಳನ್ನೆಲ್ಲ ಅಳಿಸಿದೆ. ಸಾಲಲಿಲ್ಲ. ಮುಂದಿನದಕ್ಕೆ ಬೆರಳಿಟ್ಟೆ.

“ಅಯ್ಯೋ, ಅದು ನಮ್ಮ ಎಮ್ಮೆ ಕರು!”

ಮತ್ತೊಂದು.

“ಅದೂ ಕರುವೇ. ಆಗ ಎರಡು ತಿಂಗಳು.”

ಹಾಲು ಕುಡಿಯುವ ಕರು, ಕುಡಿದು ಮುಗಿಸಿದ ಕರು, ಮುಂದೇನು ಎಂದು ಯೋಚಿಸುತ್ತಿರುವ ಕರು. ಕಡೆಗೆ ಅವರೇ, “ನಮ್ಮ ಷಡ್ಡಕನ ಗೃಹಪ್ರವೇಶವಿದೆ ನೋಡಿ, ಅದನ್ನು ಪೂರ್ತಿ ಅಳಿಸಿ” ಎಂದರು. ದನಿಯಲ್ಲಿ ಏನೋ ಹಳೆಯ ಲೆಕ್ಕವಿತ್ತು. ಗೃಹಪ್ರವೇಶ ಮುಗಿಸಿ ತಲೆ ಎತ್ತಿದರೆ 750 ಕಿಲೋ ಅಂಬಾರಿ ತಾಯಿ ಚಾಮುಂಡೇಶ್ವರಿ ಸಮೇತ ದಾಟಿಹೋಗಿತ್ತು.

ಮಹಾರಾಜರೇ ಅಂಬಾರಿಯಲ್ಲಿ ಕೂರುತ್ತಿದ್ದ ಕಾಲದಲ್ಲಿ ಅಪ್ಪ ನನ್ನನ್ನು ಇದೇ ರಸ್ತೆಯಲ್ಲಿ ಹೆಗಲ ಮೇಲೆ ಹೊತ್ತು ನಿಂತಿದ್ದರು. ಅಪ್ಪ ಕುಳ್ಳಗಿದ್ದರು. “ಬಂತೇನೋ? ಈಗ ಎಲ್ಲಿದೆಯೋ?” ಎಂದು ಕೆಳಗಿನಿಂದ ಕೇಳುತ್ತಲೇ ಇದ್ದರು. ಕಡಲೆಕಾಯಿ ತಿನ್ನುವ ಭರದಲ್ಲಿ ನಾನು ಏನು ಹೇಳಿದೆನೋ, ಹೇಳಿದೆನೋ ಇಲ್ಲವೋ.

ರಾತ್ರಿ ಹುಡುಗ ತಾನು ತೆಗೆದ ಚಿತ್ರ ತೋರಿಸಿದ. ಎಲ್ಲರ ತಲೆಗಳ ಮೇಲಿಂದ ಹಿಡಿದ ಅಂಬಾರಿ, ಫಳಫಳ. ಕೆಳಗಿನ ಮೂಲೆಯಲ್ಲಿ ನನ್ನ ಬೋಳುತಲೆ, ಎದೆಯ ಬಳಿ ಕೈ ಜೋಡಿಸಿದಂತೆ ಬಾಗಿದೆ.

“ಆಗ ನೀವು ಪ್ರಾರ್ಥನೆ ಮಾಡುತ್ತಿದ್ದಿರಾ?” ಎಂದು ಭಕ್ತಿಯಿಂದ ಕೇಳಿದ.

ಹೌದು ಎಂದೆ.