ಗುಂಡುತೋಪಿನಲ್ಲಿ ಮನೆ ಗಾಡಿ ನಿಲ್ಲಿಸಬಹುದಾ?

ಮುಳಬಾಗಿಲು ತಾಲ್ಲೂಕಿನ ಒಂದು ಊರು. ಹೆದ್ದಾರಿಯಿಂದ ಮೂರು ಕಿಲೋಮೀಟರ್ ಒಳಗಿದೆ. ಊರ ಮುಂದೆ ಹಳೇ ಗುಂಡುತೋಪು, ಅದಕ್ಕೆ ಅಂಟಿಕೊಂಡು ಸಂತೆ ಮೈದಾನ. ಒಳಗೇ ಮಲಗಿ ಅಡುಗೆ ಮಾಡಿಕೊಳ್ಳುವ ಮನೆ ಗಾಡಿಗಳು, ಅಂದರೆ ಮೋಟಾರ್‌ಹೋಮ್‌ಗಳು, ರಾತ್ರಿ ತಂಗಲು ಅಲ್ಲಿ ಜಾಗ ಮಾಡಿಕೊಡಬೇಕು ಅಂತ ಒಂದು ಅರ್ಜಿ ಪಂಚಾಯಿತಿಗೆ ಹೋಗಿದೆ. ಅರ್ಜಿ ಕೊಟ್ಟವನು ಹೆದ್ದಾರಿ ಬದಿಯಲ್ಲಿ ದೋಸೆ ಹೋಟೆಲ್ ನಡೆಸುತ್ತಾನೆ. ಬೇಡ ಅನ್ನುವವರು ಅವನ ಚಿಕ್ಕಮ್ಮ, ಹಿಂದೆ ಪಂಚಾಯಿತಿ ಸದಸ್ಯೆಯಾಗಿದ್ದವರು. ಇಬ್ಬರಿಗೂ ಬರೆಯಲು ಹೇಳಿದೆವು.

ಪರ: ಜಾಗ ಇದೆ, ನಲ್ಲಿ ಬೇಕು

ಹೋದ ಡಿಸೆಂಬರಿನಲ್ಲಿ ಒಂದು ರಾತ್ರಿ ಹತ್ತೂವರೆಗೆ ಹೋಟೆಲ್ ಶಟರ್ ಎಳೆಯುತ್ತಿದ್ದೆ. ಒಂದು ಟೆಂಪೋ ಟ್ರಾವೆಲರ್ ಬಂದು ನಿಂತಿತು. ಒಳಗೆ ಸೀಟು ಕಿತ್ತು ಮಂಚ ಹಾಕಿದ್ದರು. ಒಂದು ಒಲೆ, ಸಿಂಕು, ಮೂಲೆಯಲ್ಲಿ ಪುಟ್ಟ ಕಕ್ಕಸು. ಬೆಂಗಳೂರಿನ ಗಂಡ ಹೆಂಡತಿ, ಇಬ್ಬರು ಮಕ್ಕಳು, ಒಬ್ಬರು ಅಜ್ಜಿ. ಬೆಳಿಗ್ಗೆ ಕುರುಡುಮಲೆ ಗಣಪತಿ ನೋಡಿಕೊಂಡು ಆವಣಿ ಬೆಟ್ಟಕ್ಕೆ ಹೋಗಬೇಕಂತೆ. "ಅಣ್ಣಾ, ಇಲ್ಲೇ ನಿಲ್ಲಿಸಿ ಮಲಗಬಹುದಾ?" ಅಂದರು. ಅದಕ್ಕೆ ಮೊದಲು ಒಂದು ಪೆಟ್ರೋಲ್ ಬಂಕಿನಲ್ಲಿ ಎಬ್ಬಿಸಿ ಕಳಿಸಿದ್ದರಂತೆ. ನಿಲ್ಲಿಸಿ ಅಂದೆ. ಆದರೆ ನಮ್ಮ ಹೋಟೆಲ್ ಮುಂದೆ ತಿರುಪತಿ ಕಡೆ ಹೋಗುವ ಗಾಡಿಗಳ ಸಾಲು ರಾತ್ರಿಯೆಲ್ಲ ನಿಲ್ಲುವುದಿಲ್ಲ. ಬೆಳಿಗ್ಗೆ ಅಜ್ಜಿಯ ಕಣ್ಣು ಕೆಂಡದ ಹಾಗೆ ಆಗಿತ್ತು. ಮೂರು ಕಿಲೋಮೀಟರ್ ಒಳಗೆ ನಮ್ಮೂರ ತೋಪು ಖಾಲಿ ಬಿದ್ದಿತ್ತು. ನನಗೆ ಆಗ ಹೊಳೆಯಲೇ ಇಲ್ಲ ನೋಡಿ.

ಆ ತೋಪು ನೆಟ್ಟಿದ್ದಾದರೂ ಯಾಕೆ? ದಾರಿಹೋಕರಿಗೆ ಅಂತಲೇ ಅಲ್ವಾ? ಹುಣಸೆ, ನೇರಳೆ, ಹೊಂಗೆ, ಪಕ್ಕದಲ್ಲಿ ನೀರಿನ ಒಂದು ಕುಂಟೆ. ಅಪ್ಪ ಚಿಕ್ಕವನಿದ್ದಾಗ ಶಿವರಾತ್ರಿ ಹೊತ್ತಿಗೆ ಆವಣಿ ಜಾತ್ರೆಗೆ ಕಮಾನು ಗಾಡಿಯಲ್ಲಿ ಹೋಗುತ್ತಿದ್ದರಂತೆ. ದಾರಿಯಲ್ಲಿ ಯಾವುದೋ ಊರ ತೋಪಿನಲ್ಲಿ ಎತ್ತು ಬಿಚ್ಚುವುದು, ಮೂರು ಕಲ್ಲು ಇಟ್ಟು ಮುದ್ದೆ ತಿರುವುವುದು, ಗಾಡಿ ಕೆಳಗೆ ಹುಲ್ಲು ಹಾಸಿ ಮಲಗುವುದು. ಜಾತ್ರೆಯಲ್ಲಿ ದನ ಮಾರುವವರು ವಾರಗಟ್ಟಲೆ ಹಾಗೇ ಇರುತ್ತಿದ್ದರು. ಮೋಟಾರ್ ಒಂದಿಲ್ಲ, ಅಷ್ಟೇ. ಉಳಿದಂತೆ ಅದು ಮೋಟಾರ್‌ಹೋಮೇ.

ಆಸ್ಟ್ರೇಲಿಯಾದಲ್ಲಿ ಇಂಥ ಗಾಡಿ ಇಟ್ಟುಕೊಂಡವರ ಒಂದು ದೊಡ್ಡ ಸಂಘವಿದೆ. ಅದು ಸಣ್ಣ ಊರುಗಳಿಗೆ 'ಆರ್‌ವಿ ಫ್ರೆಂಡ್ಲಿ ಟೌನ್', ಅಂದರೆ ಮನೆ ಗಾಡಿಗೆ ಒಗ್ಗುವ ಊರು, ಅಂತ ಬೋರ್ಡು ಕೊಡುತ್ತದೆ. ಬೋರ್ಡು ಬೇಕಾದರೆ ಊರಿನವರು ಮಾಡಬೇಕಾದ್ದು ಜಾಸ್ತಿ ಏನಿಲ್ಲ. ಅಂಗಡಿ ಬೀದಿ ಹತ್ತಿರ ಉದ್ದದ ಗಾಡಿ ನಿಲ್ಲಲು ಜಾಗ ಇರಬೇಕು. ಕಡಿಮೆ ಖರ್ಚಿನಲ್ಲಿ ಒಂದೆರಡು ರಾತ್ರಿ ತಂಗಲು ಬಿಡಬೇಕು. ಕುಡಿಯುವ ನೀರು ಬೇಕು. ಕಕ್ಕಸಿನ ಡಬ್ಬಿ ಖಾಲಿ ಮಾಡಲು ಒಂದು ಜಾಗ ಬೇಕು, ಅದಕ್ಕೆ ಡಂಪ್ ಪಾಯಿಂಟ್ ಅನ್ನುತ್ತಾರೆ. ಜರ್ಮನಿಯಲ್ಲಿ ದ್ರಾಕ್ಷಿ ತೋಟದವರೇ ತೋಟದ ಪಕ್ಕ ಗಾಡಿ ನಿಲ್ಲಿಸಲು ಬಿಡುತ್ತಾರೆ. ಬಂದವರು ಸಂಜೆ ಅವರ ಹತ್ತಿರವೇ ವೈನ್ ಕೊಳ್ಳುತ್ತಾರೆ. ಪಕ್ಕದ ಕೇರಳ 2021ರಲ್ಲೇ ಕ್ಯಾರವಾನ್ ಪ್ರವಾಸ ಶುರು ಮಾಡಿತು.

ಶ್ರೀನಿವಾಸಪುರದ ಮಾವಿನ ತೋಟದವರನ್ನು ನೆನೆಸಿಕೊಳ್ಳಿ. ರೇಟು ಬಿದ್ದ ವರ್ಷ ತೋತಾಪುರಿಯನ್ನು ರಸ್ತೆಗೆ ಸುರಿದಿದ್ದಾರೆ. ತೋಟದ ಬದುವಿನಲ್ಲಿ ನಾಲ್ಕು ಗಾಡಿ ನಿಂತರೆ ಅವರ ಸಾಲ ತೀರುವುದಿಲ್ಲ, ನನಗೂ ಗೊತ್ತು. ಆದರೆ ಎರಡು ಬುಟ್ಟಿ ಬಾದಾಮಿ ಮಾವು ಮಂಡಿಗೆ ಹೋಗದೆ ಮಾರಾಟವಾಗುತ್ತದೆ. ನಮ್ಮ ಸಂತೆಯೂ ಅಷ್ಟೇ. ವಾರಕ್ಕೆ ಒಂದು ದಿನ ಸಂತೆ, ಉಳಿದ ಆರು ದಿನ ಅಲ್ಲಿ ನಾಯಿ ಮಲಗುತ್ತವೆ. ಸಂತೆಯ ಹಿಂದಿನ ರಾತ್ರಿ ಬಂದು ತಂಗಿ, ಬೆಳಿಗ್ಗೆ ಅವರೆಕಾಯಿ, ಸೊಪ್ಪು, ನಾಟಿ ಕೋಳಿ ಕೊಳ್ಳಿ ಅಂತ ಹೇಳಿದರೆ ಬರುವವರು ಇದ್ದಾರೆ.

ಕಕ್ಕಸಿನ ಗಲೀಜು ಏನು ಮಾಡುತ್ತೀಯ ಅಂತ ಎಲ್ಲರೂ ಕೇಳುತ್ತಾರೆ. ಒಂದು ಡಬ್ಬಿ ಅಂದರೆ ಹೆಚ್ಚುಕಡಿಮೆ 20 ಲೀಟರ್. ಸಂತೆ ಮೈದಾನದಲ್ಲಿ ಕಕ್ಕಸು ಈಗಾಗಲೇ ಇದೆ, ಗುಂಡಿಯೂ ಇದೆ. ತುಂಬಿದಾಗ ಗಲೀಜು ಹೀರುವ ಮಷಿನ್ ಲಾರಿ ಕರೆಸಿದರಾಯಿತು. ದೇವನಹಳ್ಳಿಯಲ್ಲಿ 2015ರಿಂದ ಗುಂಡಿಯ ಮಲವನ್ನು ಒಣಗಿಸಿ ಗೊಬ್ಬರ ಮಾಡುವ ಘಟಕ ಇದೆ. ಅಲ್ಲಿ ಆಗಿದ್ದು ಇಲ್ಲಿ ಆಗಬಾರದಾ?

ನಾವು ಬೇಡ ಅಂದರೂ ಗಾಡಿಗಳು ಬರುತ್ತವೆ. ಕಾರ್ತೀಕ ಬಂದರೆ ಸಾಕು, ಮಾಲೆ ಹಾಕಿದ ಅಯ್ಯಪ್ಪ ಸ್ವಾಮಿಗಳ ವ್ಯಾನುಗಳು ಸಾಲುಸಾಲು. ಹೆದ್ದಾರಿ ಪಕ್ಕ ಚಾಪೆ ಹಾಸಿ ಅಡುಗೆ ಮಾಡುತ್ತಾರೆ, ಮೋರಿ ಪಕ್ಕ ಸ್ನಾನ. ಪಕ್ಕದಲ್ಲೇ ಲಾರಿಗಳು ಓಡುತ್ತಿರುತ್ತವೆ. ಅವರನ್ನು ತೋಪಿಗೆ ಕರೆದು, ನಲ್ಲಿ ತೋರಿಸಿ, ಒಂದು ರಾತ್ರಿಗೆ ಇಷ್ಟು ಅಂತ ಪಂಚಾಯಿತಿ ರಸೀದಿ ಹರಿದರೆ ಯಾರಿಗೆ ನಷ್ಟ? ಮುಂದಿನ ಆವಣಿ ಜಾತ್ರೆಗೆ ಹತ್ತೇ ಗಾಡಿಗೆ ಜಾಗ ಕೊಟ್ಟು ನೋಡೋಣ. ಮೊದಲ ದಿನದ ಕಸ ನಾನೇ ಗುಡಿಸುತ್ತೇನೆ.

ವಿರೋಧ: ಮೊದಲು ಬೀಗ ತೆಗೆಯಿರಿ

ಅಕ್ಕನ ಮಗ ದೋಸೆ ಚೆನ್ನಾಗಿ ಹುಯ್ಯುತ್ತಾನೆ. ಮುಳಬಾಗಿಲಿನಲ್ಲಿ ಹುಟ್ಟಿದವನಿಗೆ ಅದು ಬರದಿದ್ದರೆ ಹೇಗೆ? ಮೊದಲ ದಿನ ಕಸ ಗುಡಿಸುತ್ತೇನೆ ಅಂದಿದ್ದಾನೆ. ಗುಡಿಸುತ್ತಾನೆ, ಅನುಮಾನವಿಲ್ಲ. ಎರಡನೇ ದಿನ ಯಾರು ಗುಡಿಸುವುದು ಅಂತ ಅವನು ಬರೆದಿಲ್ಲ.

ಎತ್ತಿನ ಗಾಡಿಯ ಕಥೆ ನಾನೂ ಬಲ್ಲೆ. ಅವನ ಅಪ್ಪನ ಗಾಡಿಯಲ್ಲಿ ನಾನೂ ಕೂತಿದ್ದೆ. ಎತ್ತು ಸಗಣಿ ಹಾಕಿದರೆ ಬೆಳಿಗ್ಗೆ ಆ ಊರಿನ ಹೆಂಗಸರು ಬುಟ್ಟಿ ಹಿಡಿದು ಬಂದು ಬಾಚಿಕೊಂಡು ಹೋಗುತ್ತಿದ್ದರು. ಈ ಡಬ್ಬಿಯನ್ನು ಯಾರು ಬಾಚಿಕೊಳ್ಳುತ್ತಾರೆ? ವಾಸನೆ ಬರದಿರಲಿ ಅಂತ ಅದಕ್ಕೆ ಒಂದು ಔಷಧಿ ಸುರಿಯುತ್ತಾರೆ. ಅಂಥ ಕೆಲವು ಔಷಧಿ ಗುಂಡಿಯಲ್ಲಿ ಮಲ ಕೊಳೆಸುವ, ಕಣ್ಣಿಗೆ ಕಾಣದ ಸೂಕ್ಷ್ಮ ಜೀವಿಗಳನ್ನೇ ಕೊಲ್ಲುತ್ತದೆ. ಗುಂಡಿ ಕೆಲಸ ಮಾಡುವುದೇ ನಿಲ್ಲಿಸುತ್ತದೆ. ಆಮೇಲೆ ಮಷಿನ್ ಲಾರಿ ಅಂತಾನೆ. ಲಾರಿ ಪಟ್ಟಣದಿಂದ ಬರಬೇಕು. ಬರಲು ನಾಲ್ಕು ದಿನ ಹಿಡಿದರೆ ಏನಾಗುತ್ತದೆ ಅಂತ ನನಗೆ ಗೊತ್ತು, ಸದಸ್ಯೆಯಾಗಿದ್ದಾಗ ಕಂಡಿದ್ದೇನೆ. ಗುಂಡಿಗೆ ಮನುಷ್ಯರನ್ನು ಇಳಿಸಬಾರದು ಅಂತ 2013ರಲ್ಲಿ ಕಾಯ್ದೆ ಬಂದಿದೆ. ಆದರೂ ಕಟ್ಟಿಕೊಂಡಾಗ ಜನರ ಕಣ್ಣು ಯಾವ ಕೇರಿಯ ಕಡೆ ಹೊರಳುತ್ತದೆ ಅಂತ ಬರೆದು ಹೇಳಬೇಕಾ? ದೇವನಹಳ್ಳಿಯ ಘಟಕ ಒಳ್ಳೆಯದೇ. ಆದರೆ ಅದು ದೇವನಹಳ್ಳಿಯಲ್ಲಿದೆ.

ಇನ್ನು ನೀರು. ನಲ್ಲಿ ಒಂದು ಬೇಕು ಅಂತ ಸುಲಭವಾಗಿ ಬರೆದುಬಿಟ್ಟ. ನಮ್ಮ ಜಿಲ್ಲೆಯಲ್ಲಿ ಸಾವಿರ ಅಡಿ ಕೊರೆದರೂ ಧೂಳು ಬಂದ ಬೋರ್‌ವೆಲ್ ಎಷ್ಟಿವೆ ಅಂತ ಯಾವ ರೈತನನ್ನಾದರೂ ಕೇಳಿ. ಸಿಕ್ಕ ನೀರಿನಲ್ಲೂ ಫ್ಲೋರೈಡ್. ಕುಡಿಯಲು ಕ್ಯಾನ್ ಹಿಡಿದು ಶುದ್ಧ ನೀರಿನ ಘಟಕದ ಮುಂದೆ ನಿಲ್ಲುತ್ತೇವೆ. 2018ರಿಂದ ಬೆಂಗಳೂರಿನ ಕೊಳಚೆ ನೀರನ್ನು ಶುದ್ಧ ಮಾಡಿ ಪೈಪಿನಲ್ಲಿ ನಮ್ಮ ಕೆರೆಗಳಿಗೆ ಬಿಡುತ್ತಿದ್ದಾರೆ. ಮೊದಲು ಬಂದಿದ್ದು ಲಕ್ಷ್ಮೀಸಾಗರ ಕೆರೆಗೆ. ಅದರಿಂದ ಅಂತರ್ಜಲ ಏರಿತು, ಬತ್ತಿದ ಬೋರುಗಳು ಮತ್ತೆ ಬಂದವು. ನಾನು ಇಲ್ಲ ಅನ್ನಲ್ಲ, ನನ್ನ ತವರಿನ ತೋಟ ಉಳಿದಿದ್ದೇ ಅದರಿಂದ. ಆದರೂ ಮೂರನೇ ಹಂತದ ಶುದ್ಧೀಕರಣ ಮಾಡಿ ಅಂತ ಇಲ್ಲಿನವರು ವರ್ಷಗಟ್ಟಲೆ ಕೇಳಿಕೊಂಡೇ ಬಂದಿದ್ದಾರೆ. ಬೆಂಗಳೂರು ಪೈಪಿನಲ್ಲಿ ಕಳಿಸಿದ್ದು ಸಾಲದು ಅಂತ ಈಗ ಡಬ್ಬಿಯಲ್ಲೂ ತರಿಸಿಕೊಳ್ಳೋಣವಾ? ತಮಾಷೆಗೆ ಹೇಳಿದೆ, ಬೇಜಾರಾಗಬೇಡಿ.

ತೋಪು ಖಾಲಿ ಬಿದ್ದಿದೆಯಂತೆ! ಹೋಟೆಲಿನಲ್ಲಿ ಕೂತವರಿಗೆ ಹಾಗೆ ಕಾಣುತ್ತದೆ. ಹುಣಸೆ ಮರಗಳನ್ನು ಪಂಚಾಯಿತಿ ಪ್ರತಿ ವರ್ಷ ಹರಾಜು ಹಾಕುತ್ತದೆ. ಹರಾಜು ಹಿಡಿದವನು ಕಾಯಿ ಬಡಿಯುವ ಹೊತ್ತೂ ಆವಣಿ ಜಾತ್ರೆಯ ಹೊತ್ತೂ ಒಂದೇ. ಆ ಮರದ ಕೆಳಗೆ ನಮ್ಮ ಹೆಂಗಸರು ಹುಣಸೆ ಕುಟ್ಟಿ ಬೀಜ ಬಿಡಿಸಿ ಕೂಲಿ ದುಡಿಯುತ್ತಾರೆ. ಮಧ್ಯಾಹ್ನ ಕುರಿ ಮಲಗುತ್ತವೆ, ಕುರಿ ಕಾಯುವವನೂ ಮಲಗುತ್ತಾನೆ. ಅಲ್ಲಿಗೆ ದಾರಿಯಾದರೂ ಹೇಗಿದೆ? ಅಂಡರ್‌ಪಾಸಿನಲ್ಲಿ ಮಳೆ ಬಂದರೆ ಮೊಣಕಾಲು ನೀರು. ಊರೊಳಗೆ ಕರೆಂಟು ತಂತಿ ಹುಲ್ಲಿನ ಟ್ರ್ಯಾಕ್ಟರಿಗೇ ತಾಗುತ್ತದೆ. ಎತ್ತರದ ಗಾಡಿ ಅದರ ಕೆಳಗೆ ಬಂದರೆ ದೇವರೇ ಗತಿ.

ವ್ಯಾಪಾರದ ಮಾತಿಗೆ ಬರೋಣ. ಆ ಡಿಸೆಂಬರಿನ ಕುಟುಂಬ ಬೆಳಿಗ್ಗೆ ಹತ್ತು ದೋಸೆ ತಿಂದಿತು, ಸರಿ. ತಿಂದಿದ್ದು ಅವನ ಹೋಟೆಲಿನಲ್ಲಿ! ಗಾಡಿಯಲ್ಲಿ ಒಲೆ ಇದೆ, ಫ್ರಿಜ್ ಇದೆ, ಹಾಲು ಮೊಸರು ತರಕಾರಿ ಎಲ್ಲ ಬೆಂಗಳೂರಿನಿಂದಲೇ ತುಂಬಿಕೊಂಡು ಬರುತ್ತಾರೆ. ಮನೆ ಜೊತೆಗೇ ಬರುವವರಿಗೆ ನಮ್ಮೂರ ಅಂಗಡಿಯಲ್ಲಿ ಬೇಕಾಗುವುದು ಬೆಂಕಿಪೊಟ್ಟಣ ಒಂದೇ. ಆಸ್ಟ್ರೇಲಿಯಾದ ಸಣ್ಣ ಊರಿನಲ್ಲಿ ಪೆಟ್ರೋಲ್ ಬಂಕು, ಬೇಕರಿ, ಮೆಕ್ಯಾನಿಕ್ ಎಲ್ಲ ಊರ ಮಧ್ಯೆಯೇ ಇರುತ್ತವೆ. ಅಲ್ಲಿ ನಿಂತವರ ದುಡ್ಡು ಊರಿಗೇ ಬೀಳುತ್ತದೆ. ನಮ್ಮೂರಿನಲ್ಲಿ ಇರುವುದು ಎರಡು ಚಿಲ್ಲರೆ ಅಂಗಡಿ. ಅದೂ ಅಲ್ಲದೆ ನ್ಯೂಜಿಲೆಂಡಿನಂಥ ದೇಶದಲ್ಲೇ ಗಾಡಿಯವರ ಗಲೀಜಿನ ದೂರು ಜಾಸ್ತಿಯಾಗಿ 2023ರಲ್ಲಿ ಕಾನೂನು ಬಿಗಿ ಮಾಡಿದರು. ಗಾಡಿಯಲ್ಲಿ ಗಟ್ಟಿಯಾಗಿ ಕೂರಿಸಿದ ಕಕ್ಕಸು ಇರಬೇಕು, ಅದಕ್ಕೆ ಸರ್ಟಿಫಿಕೇಟ್ ಇರಬೇಕು ಅಂತ. ಇಲ್ಲಿ ಸರ್ಟಿಫಿಕೇಟ್ ನೋಡುವವರು ಯಾರು, ನಮ್ಮ ವಾಟರ್‌ಮ್ಯಾನಾ?

ಊರಹಬ್ಬಕ್ಕೂ ಕರೆಯೋಣ ಅಂತ ಮನೆಯಲ್ಲಿ ಹೇಳುತ್ತಿದ್ದ. ಬರೆಯುವಾಗ ಬಿಟ್ಟಿದ್ದಾನೆ, ಪುಣ್ಯ. ದೀಪ ಹೊರುವ ದಿನ ನಾವು ಒಂದು ಹೊತ್ತು ಇದ್ದು, ತಂಬಿಟ್ಟಿನ ದೀಪ ತಲೆ ಮೇಲಿಟ್ಟುಕೊಂಡು ಊರಮ್ಮನ ಗುಡಿಗೆ ನಡೆಯುತ್ತೇವೆ. ಮದುವೆಯಾಗಿ ಹೋದ ಹೆಣ್ಣುಮಕ್ಕಳೆಲ್ಲ ಬಂದಿರುತ್ತಾರೆ. ಒಂದು ವರ್ಷ ಯಾರದೋ ಕಡೆಯ ಹುಡುಗರು ಡ್ರೋನ್ ಹಾರಿಸಿದರು. ಒಬ್ಬಳ ದೀಪ ಗಾಳಿಗೆ ಆರಿಹೋಯಿತು. ಮೂರು ದಿನ ಆ ಹುಡುಗಿ ಅನ್ನ ಮುಟ್ಟಲಿಲ್ಲ. ಬಂದ ನೆಂಟರಿಗೆ ಊಟ ಹಾಕದೆ ಕಳಿಸುವ ಊರಲ್ಲ ನಮ್ಮದು. ಆದರೆ ನೆಂಟರೇ ಬೇರೆ, ನೋಡಲು ಬಂದವರೇ ಬೇರೆ.

ಅಯ್ಯಪ್ಪನ ಭಕ್ತರ ಮಾತಿನಲ್ಲಿ ಮಾತ್ರ ನಾನು ಸೋಲುತ್ತೇನೆ. ಅವರು ರಸ್ತೆ ಬದಿ ಮಲಗುವುದನ್ನು ನೋಡಿದರೆ ಎದೆ ಝಲ್ ಅನ್ನುತ್ತದೆ. ಅವರಿಗೆ ಹೆದ್ದಾರಿ ಪಕ್ಕದಲ್ಲೇ ಜಾಗ, ದೀಪ, ಕಕ್ಕಸು ಆಗಬೇಕು. ಟೋಲ್ ವಸೂಲಿ ಮಾಡುವವರು ಅದನ್ನು ಮಾಡಿಕೊಡಲಿ. ನಾನು ಸಹಿ ಹಾಕುತ್ತೇನೆ.

ಕೊನೆಗೆ ಅವನು ಹೇಳಿದ ಸಂತೆ ಮೈದಾನದ ಕಕ್ಕಸು. ಅದನ್ನು ಕಟ್ಟಿಸಿದ್ದು ನನ್ನ ಕಾಲದಲ್ಲೇ. ಟೈಲ್ಸ್ ಹಾಕಿಸಿ, ಗೋಡೆಗೆ ನೀಲಿ ಬಣ್ಣ ಬಳಿಸಿ, ಟೇಪ್ ಕತ್ತರಿಸಿ ಫೋಟೋ ತೆಗೆಸಿಕೊಂಡೆವು. ಮೇಲಿನ ಟ್ಯಾಂಕಿಗೆ ನೀರಿನ ಪೈಪು ಬರಲಿಲ್ಲ. ಗಲೀಜಾಗುತ್ತದೆ ಅಂತ ಬೀಗ ಹಾಕಿದರು. ಸಂತೆಗೆ ಸೊಪ್ಪು ಮಾರಲು ಬರುವ ಹೆಂಗಸರು ಬೆಳಿಗ್ಗೆ ಐದಕ್ಕೆ ಬಂದರೆ ಮಧ್ಯಾಹ್ನದವರೆಗೆ ನೀರು ಕುಡಿಯದೆ ಕೂರುತ್ತಾರೆ, ಎದ್ದು ಹೋಗಲು ಜಾಗವಿಲ್ಲ ಅಂತ. ಮೊನ್ನೆ ಈ ಬರಹಕ್ಕೆ ಅಂತ ಹೋಗಿ ನೋಡಿದೆ. ಬೀಗ ತುಕ್ಕು ಹಿಡಿದಿದೆ. ಬೀಗದ ಕೈ ಯಾರ ಹತ್ತಿರ ಇದೆ ಅಂತ ಇಬ್ಬರನ್ನು ಕೇಳಿದೆ. ಒಬ್ಬರ ಮೇಲೆ ಒಬ್ಬರು ಹೇಳಿದರು. ನಮ್ಮ ಹುಡುಗ ಅರ್ಜಿಯ ಕೆಳಗೆ ಅದನ್ನೂ ಒಂದು ಸಾಲು ಸೇರಿಸಲಿ.